ಕುಳಿತು ಹೋಗುವ ಗಾಡಿ

ಆ ಸ್ಟೇಷನ್ ವ್ಯಾಗನ್ ನಮ್ಮ ಹಿತ್ತಲಿಗೆ ಬಂದದ್ದು ಜೋಡೆತ್ತುಗಳ ಹಿಂದೆ. ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಒಂದು ಹಳೆಯ ಬಂಗಲೆಯ ಹುಣಸೆಮರದ ಕೆಳಗೆ ಎಷ್ಟೋ ವರ್ಷ ನಿಂತೇ ಇತ್ತಂತೆ. ಅಲ್ಲಿಂದ ಶಹಾಪುರದ ನಮ್ಮ ಓಣಿಯ ತನಕ ನನ್ನ ಯಜಮಾನರು ಅದನ್ನು ಎಳೆಸಿಕೊಂಡು ಬಂದರು. ಒಳಗೆ ಸ್ಟೇರಿಂಗ್ ಹಿಡಿದು ಕುಳಿತವರ ಮುಖದಲ್ಲಿ ಮದುಮಗನ ಗಾಂಭೀರ್ಯ. ಓಣಿಯ ಮಗ್ಗಗಳು ಒಂದು ಗಳಿಗೆ ಸುಮ್ಮನಾದವು, ಎಲ್ಲರೂ ಬಾಗಿಲಿಗೆ ಬಂದು ನಿಂತರು.

ಇಂಗ್ಲೆಂಡಿನ ಗಾಡಿ. ಮುಂದಿನರ್ಧ ಕಾರು, ಹಿಂದಿನರ್ಧ ಕಟ್ಟಿಗೆಯ ಚೌಕಟ್ಟಿನ ಉದ್ದ ಪೆಟ್ಟಿಗೆ. ಕಟ್ಟಿಗೆಯನ್ನು ಗೆದ್ದಲು ತಿಂದಿತ್ತು, ತಳದ ತಗಡನ್ನು ತುಕ್ಕು ತಿಂದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕುಳಿತ ಗುರುತಿತ್ತು.

"ಇದನ್ನ ಒಳಗ ಕರ್ಕೊಳ್ಳಾಕ ಆರತಿ ತರಲೇನ್ರಿ?" ಎಂದೆ.

ಅವರು ನಗಲಿಲ್ಲ. ಪಡಸಾಲೆಯಲ್ಲಿ ಕುಳಿತಿದ್ದ ಅತ್ತೆಯೂ ನಗಲಿಲ್ಲ. ಆಗ ನನಗೆ ತಿಳಿಯಿತು, ಗಾಡಿ ಯಾತಕ್ಕೆ ಬಂದಿದೆ ಎಂದು. ನಾನು ಎತ್ತುಗಳಿಗೆ ನೀರು ತರಲು ಹೋದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೆ ಕಾಲು ಮಡಚಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕುಳಿತಂತೆಯೇ ಹೊತ್ತೊಯ್ದು ಕುಳಿತಂತೆಯೇ ಮಣ್ಣು ಮಾಡುತ್ತೇವೆ. ಪೂಜೆಗೆ ಕುಳಿತವರು ಹಾಗೇ ಹೋದರು ಎಂಬ ಭಾವ. ಇದೆಲ್ಲ ಮೈ ಸೆಟೆಯುವ ಮೊದಲೇ ಆಗಬೇಕು.

ನನ್ನ ಮಾವನವರಿಗೆ ಹಾಗೆ ಆಗಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ, ಒಂದು ಮಳೆಗಾಲದ ಬೆಳಿಗ್ಗೆ, ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ನನ್ನ ಯಜಮಾನರಿಗೆ ಮೂವತ್ತೂ ತುಂಬಿರಲಿಲ್ಲ, ಕೈಕಾಲು ಆಡಲಿಲ್ಲ. ಸ್ಟ್ರೆಚರಿನ ಮೇಲೆ ಉದ್ದಕ್ಕೆ ಮಲಗಿಸಿ ಕೊಟ್ಟರು, ಇವರು ಹಾಗೇ ತೆಗೆದುಕೊಂಡರು. ನಮ್ಮ ಹೊಲ ಇರುವುದು ಖಾನಾಪುರ ತಾಲೂಕಿನ ಪಾರಿಶ್ವಾಡದ ಕಡೆ. ನಮ್ಮ ಹಿರಿಯರೆಲ್ಲ ಆ ಹೊಲದಲ್ಲೇ ಇದ್ದಾರೆ. ಅಲ್ಲಿಗೆ ಒಯ್ಯಬೇಕು. ಹೆಣ ಎಂದ ಕೂಡಲೆ ಟ್ಯಾಕ್ಸಿಯವರು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಹಂಚು ತರಲು ಖಾನಾಪುರಕ್ಕೆ ಖಾಲಿ ಹೊರಟಿದ್ದ ಟ್ರಕ್ಕೊಂದು ಮಧ್ಯಾಹ್ನ ಕಳೆದ ಮೇಲೆ ಸಿಕ್ಕಿತು. ಊರು ಮುಟ್ಟುವಷ್ಟರಲ್ಲಿ ಮಾವನವರು ಮರದ ತೊಲೆಯ ಹಾಗೆ ಆಗಿದ್ದರು.

ಊರಿನ ಹಿರಿಯರು ಸಿಟ್ಟಾದರು. "ಕುಂದರಿಸ್ಕೊಂಡ ಬರಬೇಕಿತ್ತಲ್ಲೋ ತಮ್ಮಾ, ಇಷ್ಟೂ ತಿಳೀಲಿಲ್ಲೇನು?" ಎಂದರು. ಆಮೇಲೆ ನಾಲ್ಕು ಜನ ಗಂಡಸರು ಬಿಸಿನೀರು, ಎಣ್ಣೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲ ಹೊರಗೆ ಅತ್ತೆ ಕುಳಿತಿದ್ದರು, ಅವರ ಹಿಂದೆ ನಾನು. ಮೊಣಕಾಲು ಮಡಚುವ ಸಪ್ಪಳ ಇಬ್ಬರಿಗೂ ಕೇಳಿಸಿತು. ಒಂದಲ್ಲ, ಎರಡು ಸಲ.

ಅತ್ತೆ ಆ ಮಾತು ಎರಡು ವರ್ಷ ಎತ್ತಲಿಲ್ಲ. ಮಾವನವರ ಎರಡನೆಯ ವರ್ಷದ ಪುಣ್ಯತಿಥಿಯ ದಿನ ಊಟವಾದ ಮೇಲೆ ಮಗನಿಗೆ ಹೇಳಿದರು: "ನನ್ನ ಹಂಗ ಒಯ್ಯಬ್ಯಾಡ. ಕುಂದರಿಸ್ಕೊಂಡ ಒಯ್ಯಿ." ಅಷ್ಟೇ. ಆ ವಾರದಿಂದ ಇವರು ಗಾಡಿ ಹುಡುಕಲು ಶುರು ಮಾಡಿದರು.

ಯಜಮಾನರಿಗೆ ಪಾಲಿಟೆಕ್ನಿಕ್ಕಿನಲ್ಲಿ ಲೇಥ್ ಕಲಿಸುವ ಕೆಲಸ. ಕಬ್ಬಿಣ ಎಂದರೆ ಜೀವ, ಮಾತು ಎಂದರೆ ಬೇಸರ. ಸಂಜೆ ಬಂದವರೇ ಅಂಗಿ ಕಳಚಿ ಹಿತ್ತಲಿಗೆ ಹೋಗುತ್ತಿದ್ದರು. ಎರಡು ವರ್ಷ ನನಗೆ ಬಟ್ಟೆ ಒಣಹಾಕಲು ಜಾಗವಿರಲಿಲ್ಲ. ಇಂಜಿನ್ ಬಿಚ್ಚಿ ಒಂದೊಂದು ಬೋಲ್ಟನ್ನೂ ನನ್ನ ಉಪ್ಪಿನಕಾಯಿ ಭರಣಿಗಳಲ್ಲಿ ತುಂಬಿಟ್ಟರು. ಸಿಗದ ಸಾಮಾನಿಗೆ ಕೊಲ್ಲಾಪುರದ ಗುಜರಿಗೆ ಹೋಗಿ ಬರುತ್ತಿದ್ದರು. ಅಲ್ಲಿಯೂ ಸಿಗದಿದ್ದರೆ ತಾವೇ ಲೇಥಿನ ಮೇಲೆ ಕಡೆದು ತರುತ್ತಿದ್ದರು. ಒಂದು ದಿನ ನನ್ನ ಹಿಟ್ಟು ನಾದುವ ಪರಾತದಲ್ಲಿ ಇಂಜಿನ್ನಿನ ವಾಲ್ವುಗಳನ್ನು ಸೀಮೆಎಣ್ಣೆ ಸುರಿದು ನೆನೆಹಾಕಿದ್ದರು. ನಾನು ಅಂದು ರೊಟ್ಟಿಯನ್ನೇ ಬಡಿಯಲಿಲ್ಲ. ಅತ್ತೆ ಚುರಮುರಿ ತಿಂದು ಮಲಗಿದರು.

ಅತ್ತೆಗೂ ನನಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ನಾನು ಹುಬ್ಬಳ್ಳಿಯವಳು, ಕಾಲೇಜು ಮೆಟ್ಟಿಲು ಹತ್ತಿದವಳು, ಬಾಯಿ ಜೋರು. ಅವರು ಬೆಳಿಗ್ಗೆ ಎದ್ದು ತಮ್ಮ ನೀರು ತಾವೇ ಕಾಯಿಸಿಕೊಂಡು, ತಮ್ಮ ಪೂಜೆ ತಾವೇ ಮಾಡಿಕೊಂಡು, ತಮ್ಮ ಸೀರೆ ತಾವೇ ಹಿಂಡಿಕೊಳ್ಳುವ ಹೆಂಗಸು. ತಾಟು ನಾನು ನೆಲಕ್ಕಿಟ್ಟು ಸರಿಸಬೇಕು, ಅವರು ಎತ್ತಿಕೊಳ್ಳಬೇಕು. ಜ್ವರ ಬಂದಾಗ ಒಮ್ಮೆ ಕಾಲು ಒತ್ತಲು ಹೋದೆ. "ಇರಲಿ, ಬಿಡು" ಎಂದು ಕಾಲು ಎಳೆದುಕೊಂಡರು. ನನಗೆ ಅವಮಾನವಾಯಿತು. ಮತ್ತೆ ಹೋಗಲಿಲ್ಲ.

ಇಂಜಿನ್ ಮೊದಲ ಸಲ ಗುರ್ ಎಂದ ದಿನ ಯಜಮಾನರು ಹಿಂದಿನ ಸೀಟನ್ನೂ ಸಿದ್ಧ ಮಾಡಿದ್ದರು. ಹೊಸ ಸ್ಪ್ರಿಂಗು, ಹೊಸ ರೆಕ್ಸಿನ್, ಒರಗಲು ಎತ್ತರದ ಬೆನ್ನು. ತಾಯಿಯನ್ನು ಕರೆದು ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿದರು.

"ಇದು ಕುರ್ಚಿ ಆತಲ್ಲೋ ತಮ್ಮಾ. ಕಾಲ ಕೆಳಗ ಬಿಟ್ಕೊಂಡ ಹೋಗಲೇನು?"

ಅವರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಾಗಲೇ ಹತ್ತು ತಿಂಗಳು ಕೆಲಸ ಮಾಡಿದ್ದ ಮನುಷ್ಯನಿಗೆ, ಹುಟ್ಟಿದಾಗಿನಿಂದ ಆ ಪದ್ಧತಿ ಕಂಡವನಿಗೆ, ಗಾಡಿ ಎಂದ ಕೂಡಲೆ ಗಾಡಿಯ ಸೀಟೇ ಕಣ್ಣಿಗೆ ಕಟ್ಟಿತ್ತು. ಮರುದಿನ ಸೀಟನ್ನು ಕಿತ್ತು ಹಾಕಿದರು. ಅದರ ಜಾಗದಲ್ಲಿ ಅಗಲವಾದ ಸಾಗವಾನಿ ಮಣೆ ಬಂತು. ಮಣೆಯ ಮೇಲೆ ಕಾಲು ಮಡಚಿ ಕುಳಿತರೆ ತಲೆ ಚಾವಣಿಗೆ ತಾಗುತ್ತಿತ್ತು. ಅದಕ್ಕೆ ತಳದ ತಗಡು ಕತ್ತರಿಸಿ, ಕೆಳಗೆ ಇಳಿಸಿ, ಮತ್ತೆ ವೆಲ್ಡಿಂಗ್ ಮಾಡಿಸಿದರು.

ಕಟ್ಟಿಗೆ ಕೆಲಸಕ್ಕೆ ಖಾನಾಪುರದಿಂದ ಒಬ್ಬ ಬಡಗಿ ಬರುತ್ತಿದ್ದ. ಮನೆಮಾತು ಮರಾಠಿ. ಬಾಗಿಲ ಚೌಕಟ್ಟು ಕೂಡಿಸುವುದರಲ್ಲಿ ಎತ್ತಿದ ಕೈ. ಅವನಿಗೆ ನಾವು ಮುದುಕಿಯ ಮೊಣಕಾಲು ನೋವಿಗೆ ಈ ಮಣೆ ಎಂದು ಹೇಳಿದ್ದೆವು. ಹಿಂದಿನ ಬಾಗಿಲನ್ನು ಎತ್ತರ ಮಾಡಬೇಕು, ಒಬ್ಬರು ಕುಳಿತಂತೆಯೇ ಒಳಗೆ ಹೋಗಬೇಕು ಎಂದಾಗ ಅವನು ಉಳಿ ಕೆಳಗಿಟ್ಟ.

"ಕುಂತ ಮನಷಾ ಹಿಂದಿನ ಬಾಗಲದಾಗಿಂದ ಯಾಕ ಹೋಗ್ತಾನ್ರಿ ಸಾಹೇಬ್ರ?"

ಬಡಗಿ ಪಡಸಾಲೆಯ ಕಡೆ ನೋಡಿದ, ಅತ್ತೆ ಅಲ್ಲಿ ಕಾಳು ಆರಿಸುತ್ತಿದ್ದರು. "ಅರೇ ದೇವಾ" ಎಂದು ಮೆಲ್ಲಗೆ ಅಂದ. ಸ್ವಲ್ಪ ಹೊತ್ತು ಬೀಡಿ ಸೇದಿ ಬಂದು, "ಹಂಗಾದ್ರ ಬರೋಬರ ಅಳತಿ ಬೇಕ್ರಿ. ಅಂದಾಜ ಮ್ಯಾಲ ನಡೆಯೂದಿಲ್ಲ" ಎಂದ.

ತಾಯಿಯ ಅಳತೆಯನ್ನು ಮಗ ಹೇಗೆ ಕೇಳಬೇಕು? ಇವರು ಎರಡು ದಿನ ಟೇಪು ಹಿಡಿದು ಸುಮ್ಮನೆ ಓಡಾಡಿದರು. ಕೊನೆಗೆ ಅತ್ತೆಯೇ ಎದ್ದು ಬಂದು, ಹಲಗೆಯ ಮೇಲೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು. ಬಡಗಿ ಪೆನ್ಸಿಲಿನಿಂದ ಗುರುತು ಹಾಕಿದ.

"ಇನ್ನೊಂದ ಎರಡ ಬೆರಳ ಮ್ಯಾಲಿರಲಿ," ಎಂದರು ಅತ್ತೆ. "ಹೂ ಮುಡಿಸ್ತಾರಲ್ಲ ಗಂಡಸರಿಗೂ ಹೆಂಗಸರಿಗೂ, ತಲಿ ಮ್ಯಾಲ ಹಾರ ಕಟ್ತಾರ."

ನನಗೆ ನಗು ಬಂತು. ಹೊಲಿಗೆ ಮಶೀನಿಗೆ ಹೋಗಿ ಮಣೆಯ ಗಾದಿ ಹೊಲಿಯಲು ಕುಳಿತೆ. ಎದೆಗೊಂದು, ಸೊಂಟಕ್ಕೊಂದು ಪಟ್ಟಿ ಬೇಕಿತ್ತು. ಮಂಚಕ್ಕೆ ಹೆಣೆಯುವ ನವಾರವನ್ನು ಮಡಚಿ, ಚುಚ್ಚದಂತೆ ಒಳಗೆ ಹತ್ತಿಯಿಟ್ಟು ಹೊಲಿದೆ. ಅದೊಂದು ಕೆಲಸವನ್ನು ಯಾರೂ ಹೇಳದೆ ಮಾಡಿದೆ.

ಗಾಡಿಗೆ ಹಸಿರು ಬಣ್ಣ ಬಳಿದು, ಕಟ್ಟಿಗೆಗೆ ಪಾಲಿಶ್ ಹೊಡೆದು ಹೊರಗೆ ತಂದಾಗ ಅತ್ತೆ, "ನಡೀರಿ, ಹೊಲಕ್ಕ ಹೋಗಿ ಬರೂಣು" ಎಂದರು. ಮಣೆಯ ಮೇಲೆ ಅವರೇ ಕುಳಿತರು. ಮಲಪ್ರಭೆಯ ಸೇತುವೆ ದಾಟುವಾಗ ಸೆರಗು ಹೊದ್ದು ಕೈಮುಗಿದರು. ಖಾನಾಪುರದ ಪೇಟೆಯಲ್ಲಿ ಗುರುತಿನವರು ಕಂಡರೆ ಗಾಡಿ ನಿಲ್ಲಿಸಿ ಮಾತಾಡಿಸಿದರು. ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಗೂ ಆ ಮಣೆಯ ಮೇಲೆ ಕುಳಿತು ಮಾವನವರ ಗದ್ದಿಗೆಗೆ ಹೋಗಿ ಬರುವುದು ರೂಢಿಯಾಯಿತು. ಬದುಕಿದ್ದಾಗಲೇ ಅವರಿಗೆ ಗಾಡಿ ಒಗ್ಗಿತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಒಂದು ಬೆಳಿಗ್ಗೆ ಸಾಂಬ್ರಾದ ಕಡೆಯ ಒಬ್ಬರು ಬಾಗಿಲಿಗೆ ಬಂದು ನಿಂತರು. ಅವರ ತಂದೆ ಆಸ್ಪತ್ರೆಯಲ್ಲಿ ತೀರಿದ್ದರು, ಟ್ಯಾಕ್ಸಿಯವರು ಬರಲೊಲ್ಲರು. ಯಜಮಾನರು ತಾಯಿಯ ಮುಖ ನೋಡಿದರು. "ಒಯ್ಯಿ" ಎಂದರು ಅತ್ತೆ. ಆಮೇಲೆ ಎಷ್ಟು ಮನೆಯವರು ಬಂದರೋ. ನಾನು ಗಾದಿಯ ಕವರು ಒಗೆದು ಒಗೆದು ಬೇಸತ್ತೆ. ಸಿಟ್ಟಿನಲ್ಲಿ ಒಂದು ದಿನ ಅಂದುಬಿಟ್ಟೆ: "ನಮ್ಮ ಮನಿಗೆ ಬೇಕಾದ ದಿನ ಈ ಗಾಡಿ ಊರಾಗ ಇರೂದಿಲ್ಲ, ನೋಡಕೋತ ಇರ್ರಿ."

ಆಡಬಾರದ ಮಾತು. ಹೊಟ್ಟೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಅತ್ತೆ ಕೇಳಿಸಿಕೊಂಡರು.

ಎಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ಚಳಿಗಾಲ. ಅತ್ತೆಗೆ ಮೂರು ದಿನದಿಂದ ಸಣ್ಣ ಜ್ವರ. ಡಾಕ್ಟರು ಅಂಜಬೇಡಿ ಎಂದಿದ್ದರು. ಬೆಳಿಗ್ಗೆ ಖಾನಾಪುರದಾಚೆಯ ಹಳ್ಳಿಗೆ ಒಬ್ಬರನ್ನು ಒಯ್ಯಬೇಕೆಂದು ಕರೆ ಬಂತು. ಯಜಮಾನರು ಹೊಸ್ತಿಲ ಮೇಲೆ ನಿಂತು ಅನುಮಾನಿಸಿದರು.

"ಹೋಗ ತಮ್ಮಾ," ಎಂದು ಹಾಸಿಗೆಯಿಂದಲೇ ಅತ್ತೆ ಹೇಳಿದರು. "ಅವರ ಮನ್ಯಾಗ ಹೊತ್ತ ಹೊಂಟೈತಿ. ನಾ ಏನ್ ಇವತ್ತ ಹೋಗಾಕಿ ಅಲ್ಲ."

ಹನ್ನೊಂದರ ಸುಮಾರಿಗೆ ಅರ್ಧ ಬಟ್ಟಲು ಗಂಜಿ ಕುಡಿದರು. ಪೂಜೆಗೆ ನೀರು ತಾ ಎಂದರು. ನಾನು ತಂಬಿಗೆ ತೊಳೆದು ನೀರು ತುಂಬಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಉದ್ದಕ್ಕೆ ಮಲಗಿದ್ದರು, ಕಾಲು ಚಾಚಿಕೊಂಡು.

ಅಳು ಬರುವ ಮೊದಲು ನನಗೆ ಬಂದದ್ದು ಆ ಕಾಲುಗಳ ಯೋಚನೆ. ಮಕ್ಕಳು ಶಾಲೆಗೆ ಹೋಗಿದ್ದರು. ಗಾಡಿ ಸಂಜೆಗೆ ಮುಂಚೆ ಬರುವುದಿಲ್ಲ. ಗೋಡೆಯ ಬದಿಗೆ ನಿಂತು ಪಕ್ಕದ ಮನೆಯ ಹೆಂಗಸನ್ನು ಕೂಗಿದೆ. ಆಕೆ ಮರಾಠಿಯವಳು, ನೇಕಾರರ ಮನೆಯವಳು. ಮಗ್ಗ ಬಿಟ್ಟು ಓಡಿ ಬಂದಳು, ಬಾಗಿಲಲ್ಲಿ ನಿಂತಳು.

"ನಾ ಮುಟ್ಟಿದ್ರ ನಡೀತೈತೇನ್ರಿ ವೈನೀ?"

"ಹಿಡೀರಿ," ಎಂದೆ.

ನಾನು ಹೆಗಲ ಕೆಳಗೆ ಕೈ ಹಾಕಿ ಎತ್ತಿದೆ, ಆಕೆ ಕಾಲು ಮಡಚಿದಳು. ಸುಲಭವಾಗಿ ಮಡಚಿದವು. ಗೋಡೆಗೆ ಒರಗಿಸಿ, ಸೀರೆ ಹಾಕಿ ಗೂಟಕ್ಕೆ ಕಟ್ಟಿ ನೋಡಿದೆವು. ಕುತ್ತಿಗೆ ವಾಲಿತು, ಅದರ ಹಿಂದೆ ಮೈಯೂ ಜಾರಿತು. ಆಗ ನಾನೇ ಬಾಜೂ ಕುಳಿತೆ. ನನ್ನ ಭುಜವನ್ನು ಅವರ ಭುಜಕ್ಕೆ ಕೊಟ್ಟು, ಎಡಗೈಯನ್ನು ಬೆನ್ನ ಹಿಂದಿನಿಂದ ಕುತ್ತಿಗೆಗೆ ಆನಿಸಿ, ಬಲಗೈಯಿಂದ ಗದ್ದ ಹಿಡಿದುಕೊಂಡೆ. ಆಕೆ ಮಠದ ಅಯ್ಯನವರನ್ನು ಕರೆಯಲು ಹೋದಳು.

ಅಯ್ಯನವರು ಬಂದು ವಿಭೂತಿ ಹಚ್ಚಿದರು, ಅಂಗೈಗೆ ಲಿಂಗವಿಟ್ಟರು. ಓಣಿಯವರು ಸೇರಿದರು. ನಾವು ಹಿಡೀತೇವಿ, ನೀ ಏಳವ್ವಾ ಎಂದು ಎಷ್ಟೋ ಜನ ಅಂದರು. ಕೈ ಬದಲಿಸುವಾಗ ಎಲ್ಲಿ ಜಾರುತ್ತಾರೋ ಎಂದು ಹೆದರಿಕೆ. ನಿಜ ಹೇಳಬೇಕೆಂದರೆ ಕೊಡಲು ಮನಸ್ಸೇ ಇರಲಿಲ್ಲ. ಅವರ ತಲೆಯಲ್ಲಿ ಸೀಗೆಕಾಯಿಯ ವಾಸನೆ ಇತ್ತು. ಇಷ್ಟು ವರ್ಷ ನನಗೆ ಅದು ಗೊತ್ತೇ ಇರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಬಂದು ಎದುರಿಗೆ ಕುಳಿತರು.

ಹೊತ್ತು ಕಳೆದಂತೆ ನನ್ನ ಕೈ ಜೋಮು ಹಿಡಿಯಿತು, ಅವರ ಕುತ್ತಿಗೆ ನಿಧಾನವಾಗಿ ಗಟ್ಟಿಯಾಯಿತು. ಮಾವನವರಲ್ಲಿ ಯಾವ ಸೆಡೆತಕ್ಕೆ ನಾವು ಹೆದರಿದ್ದೆವೋ ಅದೇ ಈಗ ಅತ್ತೆಯನ್ನು ನೆಟ್ಟಗೆ ಕೂಡಿಸಿತು. ಗದ್ದದಿಂದ ಕೈ ತೆಗೆದು ನೋಡಿದೆ. ತಲೆ ಬಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಾಡಿ ಓಣಿಗೆ ಬಂತು. ಯಜಮಾನರು ಬಾಗಿಲಲ್ಲಿ ನಿಂತರು, ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ಯಾರ ಕುಂದರಿಸಿದ್ರು?"

ಪಕ್ಕದ ಮನೆಯವಳು ನನ್ನ ಕಡೆ ಕೈ ತೋರಿಸಿದಳು. ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು, ಮಕ್ಕಳೆದುರಿಗೇ ಗಟ್ಟಿಯಾಗಿ ಅತ್ತರು.

ನಾಲ್ಕು ಜನ ಎತ್ತಿ ಹಿಂದಿನ ಬಾಗಿಲಿನಿಂದ ಒಳಗೆ ತಂದು ಮಣೆಯ ಮೇಲೆ ಕೂಡಿಸಿದರು. ಎಲ್ಲಿಯೂ ತಾಗಲಿಲ್ಲ. ಯಜಮಾನರು ನವಾರದ ಪಟ್ಟಿ ಕೈಗೆತ್ತಿಕೊಂಡರು.

"ಕಟ್ಟಬ್ಯಾಡ್ರಿ," ಎಂದೆ. "ನಾ ಹಿಡಕೊಂಡ ಬರ್ತೇನಿ."

ಖಾನಾಪುರದ ದಾರಿಯಲ್ಲಿ ತಿರುವುಗಳು ಬಹಳ. ಒಂದು ತಿರುವಿನಲ್ಲಿ ಅವರ ಭಾರ ನನ್ನ ಮೇಲೆ ಬರುತ್ತಿತ್ತು, ಇನ್ನೊಂದರಲ್ಲಿ ನನ್ನ ಭಾರ ಅವರ ಮೇಲೆ. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದವರು ನಾವು. ಅತ್ತೆಯನ್ನು ನಾನು ಮುಟ್ಟಿದ್ದು ಅದೊಂದೇ ದಿನ.