ಊರಿಗೆ ಮಿರ್ಚಿ ಕರಿಯುವ ಹುಲಿಗೆಮ್ಮನ ತುತ್ತು

ಕರೂರಿನ ಮೊದಲ ಬಸ್ಸು ಸಿರುಗುಪ್ಪ ನಿಲ್ದಾಣಕ್ಕೆ ಬರುವ ಹೊತ್ತಿಗೆ ಹುಲಿಗೆಮ್ಮನ ಬಾಣಲೆಯಲ್ಲಿ ಎಣ್ಣೆ ಕಾದಿದೆ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗಳು ಚೊರ್ರೆಂದು ಇಳಿಯುತ್ತಿವೆ. ಪಕ್ಕದಲ್ಲಿ ಗಂಡ ಯರ್ರಿಸ್ವಾಮಿ ನೆನೆಸಿದ ಮಂಡಕ್ಕಿ ಹಿಂಡಿ ಒಗ್ಗರಣೆಗೆ ಹಾಕುತ್ತಾರೆ. ಒಂದು ಚಮಚ ತೆಗೆದು ಗಂಡನ ಅಂಗೈಗೆ ಹಾಕುವ ಹುಲಿಗೆಮ್ಮ, "ಉಪ್ಪು ನೋಡ್ರಿ" ಅನ್ನುತ್ತಾರೆ. ತಾವು ಮಾತ್ರ ಬಾಯಿಗಿಡುವುದಿಲ್ಲ. ನಾನಾದರೋ ಎರಡನೇ ಪ್ಲೇಟಿಗೆ ಕೈ ಹಾಕಿದ್ದೇನೆ. ಈ ಸೀಮೆಯಲ್ಲಿ ಹುಟ್ಟಿ, ಬೆಳಗ್ಗೆ ಒಗ್ಗರಣೆ-ಮಿರ್ಚಿ ಬೇಡ ಅನ್ನುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ.

"ಎಲ್ಲಾರೂ ತಿನ್ನೂದು ನೋಡ್ತೀನ್ರಿ. ನಾಲ್ಕು ಮಂದಿ ಜೊತಿ ಕುಂತು, ಹೆದರಿಕಿ ಇಲ್ಲದ ಉಣ್ಣಬೇಕು ಅನ್ನೋದ ಒಂದು ಆಸಿ" ಎನ್ನುತ್ತಾರೆ ಹುಲಿಗೆಮ್ಮ, ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತ.

ಗಾಡಿ ನಿಂತಿರುವುದು ಸಾರ್ವಜನಿಕ ಶೌಚಾಲಯದ ಮಗ್ಗುಲಲ್ಲಿ. ಬಜ್ಜಿ ಮಾರುವವರು ಯಾರಾದರೂ ಇಂಥ ಜಾಗ ಆರಿಸುತ್ತಾರೆಯೇ? ಮೊದಲು ನಿಲ್ದಾಣದ ಗೇಟಿನ ಎದುರಿಗೇ ಇತ್ತು, ವ್ಯಾಪಾರವೂ ಭರ್ಜರಿ. "ಹೊಟ್ಟಿ ತಿರುವಿದಾಗ ರಸ್ತಾ ದಾಟಿ ಓಡಾಕ ಆಗ್ತಿರಲಿಲ್ರಿ. ಗಾಡೀನ ಇತ್ತಾಗ ತಂದೆ. ನಗೋರು ನಕ್ಕರು, ತಿನ್ನೋರು ಬಂದರು."

ಮೂವತ್ನಾಲ್ಕರ ಹುಲಿಗೆಮ್ಮನ ತವರು ಕುರುಗೋಡು. ದೊಡ್ಡವಳಾದಾಗಿನಿಂದ ಮುಟ್ಟಿನ ದಿನಗಳು ಬಂದರೆ ಹೊಟ್ಟೆ ಉಬ್ಬಿ ಬಿಗಿಯುತ್ತಿತ್ತು. ಒಮ್ಮೆ ಮಲ ಕಟ್ಟುವುದು, ಒಮ್ಮೆ ಭೇದಿ. ಸಂಡಾಸಿಗೆ ಕೂತರೆ ಕಣ್ಣಲ್ಲಿ ನೀರು. ಎಲ್ಲರೂ ಅದಕ್ಕೆ 'ಗ್ಯಾಸು' ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಸೋಡಾ, ಅಜವಾನ, ಜೀರಿಗೆ ನೀರು, ಕೊರಳಿಗೆ ತಾಯತ, ಎಲ್ಲ ಆಯಿತು. ಇದು ಮುಟ್ಟಿನ ಹೊತ್ತಿಗೇ ಹೆಚ್ಚಾಗುತ್ತದೆಯೇ ಎಂದು ಬಳ್ಳಾರಿಯ ವೈದ್ಯೆಯೊಬ್ಬರು ಕೇಳುವವರೆಗೂ ಯಾರೂ ಕೇಳಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಕೆಲವರಲ್ಲಿ ಕರುಳಿನ ಮೇಲೂ, ಬೆಳೆಯುತ್ತದೆ. ಈಗ ಮಾತ್ರೆಯಿಂದ ಅದು ಒಂದಿಷ್ಟು ಹದಕ್ಕೆ ಬಂದಿದೆ. ಎಲ್ಲವನ್ನೂ ಒಮ್ಮೆಲೇ ಬಿಡಬೇಡಿ, ಒಂದೊಂದೇ ಬಿಟ್ಟು ನೋಡಿ, ಒಗ್ಗಿದ್ದನ್ನು ಮತ್ತೆ ತಿನ್ನಿ ಎಂದಿದ್ದಾರೆ ವೈದ್ಯೆ. ಹಾಗೆ ನೋಡುತ್ತ ಹೋದಾಗ ಹುಲಿಗೆಮ್ಮನಿಗೆ ಒಗ್ಗದೇ ಹೋದದ್ದು ಕಡಲೆಹಿಟ್ಟು, ಉಳ್ಳಾಗಡ್ಡಿ, ಕರಿದದ್ದು. ಅವರ ಗಾಡಿಯಲ್ಲಿರುವುದೆಲ್ಲ ಅದೇ. ಗಂಜಿ, ಹೀರೇಕಾಯಿ ಪಲ್ಯ, ತಿಳಿಸಾರು ಒಗ್ಗುತ್ತವೆ. ನೋವಿನ ದಿನ ಸ್ವಲ್ಪ ಸ್ವಲ್ಪವೇ ಉಂಡು, ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಬಾಣಲೆ ಮುಂದೆ ನಿಲ್ಲುತ್ತಾರೆ.

ಮಕ್ಕಳಿಲ್ಲ. ಹೋದ ವರ್ಷ ಹೊಟ್ಟೆ ಉಬ್ಬಿದ್ದು ಕಂಡ ಓಣಿಯ ಹೆಂಗಸರು ಇವರು ಬಸುರಿ ಎಂದುಕೊಂಡರು. ಗುಟ್ಟಾಗಿ ಮಾತಾಡಿಕೊಂಡು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರಿಗಡಬು ಮಾಡಿ ಬಯಕೆ ಬುತ್ತಿ ಹೊತ್ತು ಮನೆಗೇ ಬಂದುಬಿಟ್ಟರು. ಮುಂದೆ ನಿಂತವರು ಪಕ್ಕದ ಮನೆಯ ಪಾರಮ್ಮ.

"ಪಾರಮ್ಮತ್ತಿ ತಲಿಗಿ ಹೂ ಮುಡಿಸಿದ್ಳು. ಒಂದ್ ಗಳಿಗಿ ನಾನೂ ಹೌದ ಅಂತ ಕುಂತಿದ್ನಿರಿ. ಖರೇ ಹೇಳ್ತೀನಿ, ಬಾಳ ಚಂದ ಅನಿಸ್ತು. ಆಮ್ಯಾಲೆ ಇದು ಕೂಸಲ್ಲವ್ವಾ, ರೋಗ ಅಂದೆ."

ಹೆಂಗಸರು ನಾಚಿಕೊಂಡರು, ಅತ್ತರು. ಅಂದಿನಿಂದ ಹುಲಿಗೆಮ್ಮನ ಮುಂದೆ ಊಟದ ಮಾತೇ ಎತ್ತುವುದಿಲ್ಲ. ಮದುವೆ ಇರಲಿ, ಗೃಹಪ್ರವೇಶ ಇರಲಿ, 'ಪಾಪ, ತಿನ್ನಾಕ ಬರಂಗಿಲ್ಲ, ಯಾಕ ಕಷ್ಟ ಕೊಡೋದು' ಎಂದು ಕರೆಯದೇ ಬಿಡುತ್ತಾರೆ. ಅದರಲ್ಲಿ ಕೆಟ್ಟತನವಿಲ್ಲ, ಗೊತ್ತು. ಆದರೂ ಕೈಯಲ್ಲಿದ್ದ ಪ್ಲೇಟನ್ನು ಕೆಳಗಿಟ್ಟೆ.

ಬರುವ ಭಾನುವಾರ ಕುರುಗೋಡಿನಲ್ಲಿ ಹುಲಿಗೆಮ್ಮನ ತಮ್ಮ ಗವಿಸಿದ್ದಪ್ಪನ ಬಸುರಿ ಹೆಂಡತಿಗೆ ಕುಬಸ, ಅಂದರೆ ಸೀಮಂತ. ತಮ್ಮ ಫೋನು ಮಾಡಿದ್ದ. "ನೀ ಬಂದು ಏನ್ ಉಂತಿ ಅಕ್ಕಾ, ಸುಮ್ನ ತ್ರಾಸ ಮಾಡ್ಕೋಬ್ಯಾಡ" ಅಂದನಂತೆ.

ನೀವೇನು ಅಂದಿರಿ ಎಂದೆ. ಹುಲಿಗೆಮ್ಮ ಒಲೆಯ ಉರಿ ತಗ್ಗಿಸಿದರು.

"ಬರ್ತೀನಿ ಅಂದೆ. ಪಂಕ್ತ್ಯಾಗ ನನಗೂ ಒಂದು ಎಲಿ ಹಾಕು ಅಂದೆ. ಅನ್ನ, ತಿಳಿಸಾರು ಬಡಸು, ಸಾಕು. ಹೊಟ್ಟಿ ಸುಮ್ಕಿದ್ರ ಉಂತೀನಿ, ಇಲ್ಲಾಂದ್ರ ಸುಮ್ನ ಕುಂದರ್ತೀನಿ. ಖಾಲಿ ಎಲಿ ಆದ್ರೂ ಅಲ್ಲಿ ನಂದೊಂದು ಇರಬೇಕ್ರಿ."