ದರ್ಜಿಯಕ್ಕನ ಇಂಗ್ಲಿಷ್ ಕ್ಲಾಸು

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು ದರ್ಜಿಯಕ್ಕನ ಕೆಲಸ. ಊರಿನಲ್ಲಿ ಯುದ್ಧ ಮನೆ ಬಾಗಿಲಿಗೇ ಬಂದಾಗ ಉಟ್ಟ ಬಟ್ಟೆಯಲ್ಲೇ ತಮ್ಮನ ಜೊತೆ ಗಡಿ ದಾಟಿದವಳು. ತಮ್ಮನಿಗೆ ದೂರದ ಪಟ್ಟಣದಲ್ಲಿ ಲಾರಿ ಕೆಲಸ ಸಿಕ್ಕಿತು, ಇವಳಿಗೆ ಅಂಗಡಿಯ ಮೇಲೊಂದು ಒಂಟಿ ಕೋಣೆ. ಗಿರಾಕಿಗಳು ಮುಂದಿನ ಕೌಂಟರಿನಲ್ಲೇ ಮಾತಾಡಿ ಹೊರಟುಬಿಡುತ್ತಾರೆ. ಇವಳ ಹತ್ತಿರ ಬರುವುದು ಬಟ್ಟೆ ಮಾತ್ರ. ಬಟ್ಟೆಗೆ ಬಾಯಿದ್ದಿದ್ದರೆ ಇವಳಷ್ಟು ವಾಚಾಳಿ ಇನ್ನೊಬ್ಬಳಿರುತ್ತಿರಲಿಲ್ಲ.

ವಲಸೆ ಬಂದವರಿಗೆ ಪುಕ್ಕಟೆಯಾಗಿ ಇಂಗ್ಲಿಷ್ ಕಲಿಸುವ ಆನ್‌ಲೈನ್ ಕ್ಲಾಸಿಗೆ ಸೇರಿಸಿದವನು ತಮ್ಮನೇ. ಫೋನನ್ನು ಎತ್ತ ತಿರುಗಿಸಬೇಕೆಂದು ತಿಳಿಯದೆ, ಮೊದಮೊದಲು ಪಾಪ, ಎಲ್ಲರೂ ಅವಳ ಕೋಣೆಯ ಬಲ್ಬಿಗೇ ನಮಸ್ಕಾರ ಹೇಳಿದರು.

ಟೀಚರಮ್ಮ ತಲೆ ನೆರೆತ ಹೆಂಗಸು. ಪಾಠಕ್ಕೆ ಮುಂಚೆ ಒಬ್ಬೊಬ್ಬರನ್ನೂ "ಹೇಗಿದ್ದೀರಿ?" ಎಂದು ಕೇಳಿ, ಉತ್ತರ ತಡವರಿಸಿಕೊಂಡು ಬರುವವರೆಗೂ ಕಾಯುವರು. ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲೇ ಉತ್ತರಿಸುತ್ತಿದ್ದ. ತಾತನೊಬ್ಬ ಉತ್ತರ ಹೇಳಿ ಮುಗಿಸುವುದರೊಳಗೆ ತೂಕಡಿಸುತ್ತಿದ್ದ. ಒಮ್ಮೆ ದರ್ಜಿಯಕ್ಕ ಕೆಮ್ಮಿದಳು. ಟೀಚರಮ್ಮ ಮುಂದಿನ ಕ್ಲಾಸಿನಲ್ಲೂ ಅದನ್ನು ನೆನಪಿಟ್ಟು ವಿಚಾರಿಸಿದರು. ಆವತ್ತು ಫೋನ್ ಆರಿಸಿದ ಮೇಲೆ ಅವಳು ಕೂತು ಅತ್ತಳು. ಈ ದೇಶದಲ್ಲಿ ಅವಳ ಕೆಮ್ಮು ಇನ್ಯಾರಿಗೂ ಕೇಳಿಸಿರಲಿಲ್ಲ.

ಪರೀಕ್ಷೆ ಬಂತು. ತಮ್ಮ ಫೋನ್ ಮಾಡಿದ.

"ಅಕ್ಕಾ, ಪಾಸಾದ್ರೆ ಮಾಲೀಕರು ನಿನ್ನ ಕೌಂಟರಿಗೆ ಕೂರಿಸ್ತಾರಂತಲ್ಲ. ಹಿಂದಿನ ಕೋಣೆ ತಪ್ಪತ್ತೆ."

"ನೋಡೋಣ ಬಿಡೋ."

ಅವಳ ಚಿಂತೆಯೇ ಬೇರೆ. ಅವಳೂರಿನ ಶಾಲೆಯಲ್ಲಿ ಒಂದನೇ ಕ್ಲಾಸಿನ ಮೇಷ್ಟ್ರು ರಿಟೈರ್ ಆಗುವವರೆಗೂ ಒಂದನೇ ಕ್ಲಾಸಿಗೇ ಪಾಠ ಮಾಡಿದವರು. ಮಕ್ಕಳು ಮುಂದೆ ಹೋಗುತ್ತಿದ್ದರು, ಮೇಷ್ಟ್ರು ಅಲ್ಲೇ ಇರುತ್ತಿದ್ದರು. ಇದೇ ತಮ್ಮ ಫೇಲಾಗಿ ಗೂಟ ಹೊಡೆದುಕೊಂಡು ಅವರ ಮುಂದೆಯೇ ಕೂತಿದ್ದನಲ್ಲ. ಪಾಸಾದರೆ ಕೌಂಟರು, ಫೇಲಾದರೆ ಟೀಚರಮ್ಮ. ಕೌಂಟರು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಳು. ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರವನ್ನೆಲ್ಲ ಗಂಟಲಲ್ಲೇ ಅದುಮಿಟ್ಟು ಬಾಯಿಗೆ ಬಂದದ್ದು ಹೇಳಿದಳು. ಟೀಚರಮ್ಮನ ಮುಖ ಸಪ್ಪಗಾಯಿತು. "ಬೇಜಾರು ಮಾಡ್ಕೋಬೇಡಿ, ಇನ್ನೊಂದ್ಸಲ ಕೂತರಾಯ್ತು," ಎಂದರು. ಬೇಜಾರೆಲ್ಲಿ ಬಂತು, ಆ ವಾರವೆಲ್ಲ ಅವಳು ಗುನುಗಿಕೊಂಡೇ ಹೊಲಿದಳು.

ಹೊಸ ಕ್ಲಾಸಿನ ದಿನ ತಲೆ ಬಾಚಿ, ಮುಖ ತೊಳೆದು ಕೂತಳು. ಪರದೆಯ ಮೇಲೆ ಯುವಕನೊಬ್ಬ ಬಂದ. ಸುತ್ತ ಎಲ್ಲವೂ ಗುರುತಿಲ್ಲದ ಮುಖಗಳು.

"ಟೀಚರಮ್ಮ ರಜಾನಾ?" ಎಂದು ಇಂಗ್ಲಿಷಿನಲ್ಲೇ ಕೇಳಿದಳು.

"ಇಲ್ಲಮ್ಮ, ಅವರು ಪಾಸಾದ ಗುಂಪಿನ ಜೊತೆ ಮೇಲಿನ ಕ್ಲಾಸಿಗೆ ಹೋದ್ರು. ನಮ್ಮಲ್ಲಿ ಹಾಗೇನೇ, ಶುರು ಮಾಡಿಸಿದ ಟೀಚರೇ ಕೊನೇವರೆಗೂ ಕರ್ಕೊಂಡು ಹೋಗ್ತಾರೆ."

ದರ್ಜಿಯಕ್ಕ ತಲೆಯಾಡಿಸಿದಳು. ತನ್ನ ಕೈಯಾರೆ ತಾನೇ ದಾರ ಕತ್ತರಿಸಿಕೊಂಡಿದ್ದಳು, ಯಾರನ್ನು ಬೈಯುವುದು?

ಯುವಕ ಅವಳನ್ನೇ ನೋಡುತ್ತಿದ್ದ. "ನೀವು ಇಷ್ಟು ಚೆನ್ನಾಗಿ ಮಾತಾಡ್ತೀರಿ. ಹೇಗೆ ಫೇಲಾದ್ರಿ?"

ಅದಕ್ಕೂ ಅವಳ ಬಳಿ ಉತ್ತರವಿತ್ತು, ಇಂಗ್ಲಿಷಿನಲ್ಲೇ, ಒಂದೂ ತಪ್ಪಿಲ್ಲದೆ. ಅದನ್ನು ಯಾರಿಗೆ ಹೇಳಬಹುದಿತ್ತೋ ಆ ಟೀಚರಮ್ಮ ಮಾತ್ರ ಅಲ್ಲಿರಲಿಲ್ಲ.