ಎತ್ತಿ ಒಯ್ಯಲಾಗದ ಕಂಪ್ಯೂಟರ್

ಕಂಪ್ಯೂಟರ್ ಕೊಳ್ಳುವುದೆಂದು ತೀರ್ಮಾನವಾದ ದಿನವೇ ನಮ್ಮ ಮನೆಯಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಪಾರ್ಟಿಗೆ ಸೇರಿಬಿಟ್ಟರು. ಡೆಸ್ಕ್‌ಟಾಪ್ ಪಾರ್ಟಿಯಲ್ಲಿ ಉಳಿದವಳು ನಾನೊಬ್ಬಳೇ.

ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಅದರ ಲೆಕ್ಕ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಕಣ್ಣು ಮಂಜಾಗಿ, ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ಅವರು ಹೋದ ಸ್ವಲ್ಪ ದಿನಕ್ಕೆ ಅವರ ಹಳೆಯ ಕಂಪ್ಯೂಟರೂ ಕಣ್ಣು ಮುಚ್ಚಿತು. ಆಗ ಮಾವನವರು ಊಟಕ್ಕೆ ಕೂತಾಗ, "ಇನ್ಮ್ಯಾಲೆ ಲೆಕ್ಕ ಸೊಸಿನ ನೋಡ್ಲಿ. ಬಿ.ಕಾಂ ಓದ್ಯಾಳ, ಅದು ಯಾವಾಗ ಉಪಯೋಗಕ್ಕ ಬರಬೇಕು?" ಎಂದರು. ಮಕ್ಕಳು ಕಾಲೇಜಿಗೆ ಹೋಗುವಷ್ಟಾದ ಮೇಲೆ ಈ ಮಾತು ಕೇಳಿ ನನಗೆ ಕುಣಿಯಬೇಕೆನ್ನಿಸಿತು. ಕೈಯಲ್ಲಿ ಸಾರಿನ ಪಾತ್ರೆ ಇತ್ತು, ಕುಣಿಯಲಿಲ್ಲ. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಒಂದು ಲ್ಯಾಪ್‌ಟಾಪ್ ತಂದ್ರಾತು. ಮನ್ಯಾಗ ಕುಂತು ಮಾಡಬಹುದು."

ಮನೆಯಲ್ಲಿ ಕೂತು ಮಾಡುವುದೆಂದರೇನೆಂದು ಮನೆಯಲ್ಲಿ ಕೂತವರಿಗೇ ಗೊತ್ತು. ನಮ್ಮ ಮನೆಯಲ್ಲಿ ನಾನು ಕೂತಿದ್ದನ್ನು ಕಂಡರೆ ಯಾರಿಗಾದರೂ ಒಂದು ಕೆಲಸ ನೆನಪಾಗುತ್ತದೆ. ಹಾಲಿನವನು ಬರುತ್ತಾನೆ, ಗ್ಯಾಸಿನವನು ಬರುತ್ತಾನೆ, ಬೀಗರು ಬರುತ್ತಾರೆ. ಗಿರಣಿಯ ಆಫೀಸಿನಲ್ಲಿ ಕೂತ ಮಾವನವರನ್ನು ಮಾತ್ರ "ಸ್ವಲ್ಪ ಬದನೆಕಾಯಿ ಹೆಚ್ಚಿಕೊಡ್ರಿ" ಎಂದು ಯಾರೂ ಕೇಳುವುದಿಲ್ಲ. ನನಗೆ ಬೇಕಾಗಿದ್ದು ಆ ಆಫೀಸಿನಲ್ಲಿ ಒಂದು ಕುರ್ಚಿ. ಲ್ಯಾಪ್‌ಟಾಪಿಗೆ ಜಾಗ ಬೇಕಿಲ್ಲ, ಅದರ ಮುಂದೆ ಕೂರುವವಳಿಗೂ ಬೇಕಿಲ್ಲ. ಡೆಸ್ಕ್‌ಟಾಪಿಗಾದರೆ ಟೇಬಲ್ ಬೇಕು, ಟೇಬಲ್ಲಿಗೆ ಕುರ್ಚಿ ಬೇಕು, ಕುರ್ಚಿಗೆ ನಾನು ಬೇಕು. ಇದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಸಾಲಲಿಲ್ಲ. ಬದಲಿಗೆ ದುಡ್ಡಿನ ಮಾತೆತ್ತಿದೆ. ಮಾವನವರು ಮೂವತ್ತು ಸಾವಿರ ಎಂದು ಗೆರೆ ಎಳೆದಿದ್ದರು. ಅಷ್ಟಕ್ಕೆ ಬರುವ ಲ್ಯಾಪ್‌ಟಾಪ್ ಎರಡು ವರ್ಷಕ್ಕೆ ಕುಂಟುತ್ತದೆ, ಡೆಸ್ಕ್‌ಟಾಪ್ ಆದರೆ ಕೆಟ್ಟ ಭಾಗವಷ್ಟನ್ನೇ ಬದಲಿಸಬಹುದು ಎಂದೆ. ಸುಳ್ಳೇನಲ್ಲ. ವ್ಯಾಪಾರಸ್ಥರ ಮನೆ, ಮಾತು ನಾಟಿತು.

ಗಂಡನೂ ನಾನೂ ಹೊಸಪೇಟೆ ಬಸ್ಸು ಹತ್ತಿದೆವು. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಯಾವ ವಿಷಯದಲ್ಲೂ ಅಡ್ಡಗೋಡೆಯ ಮೇಲೆ ದೀಪ ಇಡುವವರು. ಕಮಲಾಪುರ ದಾಟುವವರೆಗೂ ಲ್ಯಾಪ್‌ಟಾಪ್ ಒಳ್ಳೆಯದೆಂದರು, ದಾಟಿದ ಮೇಲೆ ಡೆಸ್ಕ್‌ಟಾಪೂ ಕೆಟ್ಟದ್ದಲ್ಲ ಎಂದರು.

ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಅಂಗಡಿಯವರು ನನ್ನನ್ನು ಕೂರಿಸಿ ಗಂಡನ ಜೊತೆ ಮಾತು ಶುರು ಮಾಡಿದರು. "ಬರ್ರಿ ಸರ್, ಕುಂದ್ರಿ. ಹುಡುಗ್ರು ಗೇಮ್ ಆಡ್ತಾರೇನ್ರಿ?" ಎಂದು ಗಾಜಿನ ಬದಿಯ ಒಂದು ಕ್ಯಾಬಿನೆಟ್ ತೋರಿಸಿದರು. ಒಳಗೆ ಫ್ಯಾನುಗಳು ಬಣ್ಣ ಬದಲಿಸುತ್ತ ತಿರುಗುತ್ತಿದ್ದವು. ನಮ್ಮವರು ಮದುವೆ ಮಂಟಪದ ದೀಪ ನೋಡಿದ ಹಾಗೆ ನೋಡುತ್ತ ನಿಂತರು. "ಮಸ್ತ್ ಐತಲ್ಲ?" ಎಂದರು ನನ್ನ ಕಡೆ ತಿರುಗಿ.

"ಮೂಗಿಗಿಂತ ಮೂಗುತಿ ಭಾರ ಆತು. ನಾ ಅದರಾಗ ಲೆಕ್ಕ ಬರಿಯಾಕಿ, ಲಾವಣಿ ಹಾಡಾಕಿ ಅಲ್ಲ" ಎಂದೆ.

ಅಂಗಡಿಯವರು ನಕ್ಕು, ಆಗ ನನ್ನ ಕಡೆ ಕುರ್ಚಿ ತಿರುಗಿಸಿದರು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತಯಾರಾಗಿ ಹೋಗಿದ್ದೆ. ಲೆಕ್ಕದ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಡ. ಪ್ರೊಸೆಸರ್ ಮಧ್ಯಮದ್ದು ಸಾಕು. ಹಳೆಯ ಮಾದರಿಯ ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿಯೇ ಇರಲಿ, ಇಲ್ಲದಿದ್ದರೆ ಆನ್ ಮಾಡಿ ಚಹಾ ಕುಡಿದು ಬರಬೇಕಾಗುತ್ತದೆ. ರ‍್ಯಾಮ್ ಸದ್ಯಕ್ಕೆ ಎಂಟು ಜಿಬಿ, ಮುಂದೆ ಇನ್ನೊಂದು ಸೇರಿಸಲು ಜಾಗ ಖಾಲಿ ಇರಲಿ. ಕರೆಂಟು ಹೋಗುವ ಊರು, ಯುಪಿಎಸ್ ಬೇಕೇ ಬೇಕು. ಉಳಿದ ದುಡ್ಡಿಗೆ ದೊಡ್ಡ ಮಾನಿಟರ್. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದೆ, ಬೆರಳೂ ಹೊರಗೆ ಹೋಗಿರಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಆ ಹೆಮ್ಮೆಯಲ್ಲೇ ಬಾಯಿ ಜಾರಿತು. "ಎಲ್ಲಿ ಇಡ್ತೀರಿ ಅಕ್ಕಾರ?" ಎಂದು ಅವರು ಕೇಳಿದ್ದಕ್ಕೆ "ಗಿರಣ್ಯಾಗ" ಎಂದುಬಿಟ್ಟೆ.

"ಅಯ್ಯ, ಗಿರಣ್ಯಾಗ ಬ್ಯಾಡ್ರಿ. ತೌಡಿನ ಧೂಳು ಭಾಳ ಕೆಟ್ಟದ್ದು, ಫ್ಯಾನ್ ಹಿಡಕೊಂಡು ಬಿಡತೈತಿ. ಮನ್ಯಾಗ ಇಡ್ರಿ."

ಗಂಡನ ಮುಖ ಅರಳಿತು. "ಹೌದಲ್ಲ! ಅಪ್ಪನೂ ಅದನ್ನ ಅಂದಿದ್ದು." ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಆ ಅಂಗಡಿಯವರ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಬೇರೆ ಅಂಗಡಿಗೆ ಹೋಗೋಣವೆಂದು ಚೀಲ ಎತ್ತಿಕೊಂಡೆ. ಆಮೇಲೆ ಯೋಚಿಸಿ ಕೇಳಿದೆ: "ಹಂಗಾರ ಸಂಡೂರು ಗಣಿ ಕಡಿ ಆಫೀಸ್ನ್ಯಾಗ ಕಂಪ್ಯೂಟರ್ ಇಲ್ಲೇನ್ರಿ? ಅಲ್ಲಿ ಧೂಳಿಲ್ಲೇನು?"

ಅವರು ತಲೆ ಕೆರೆದುಕೊಂಡರು. ಅಲ್ಲಿಯವರು ಜಾಳಿಗೆಯ ಫಿಲ್ಟರ್ ಇರುವ ಕ್ಯಾಬಿನೆಟ್ ಒಯ್ಯುತ್ತಾರಂತೆ. ಫಿಲ್ಟರ್ ಬಿಚ್ಚಿ ತೊಳೆಯಬಹುದು, ಒಂದು ಕೈ ಬ್ಲೋವರ್ ಇಟ್ಟುಕೊಂಡು ಆಗಾಗ ಊದಿದರೆ ಸಾಕು. ಆದರೆ ಎರಡೂ ಸೇರಿದರೆ ಬಜೆಟ್ ಗೆರೆ ದಾಟುತ್ತಿತ್ತು. ಏನಾದರೂ ಒಂದನ್ನು ಬಿಡಬೇಕಿತ್ತು. ನಾನು ದೊಡ್ಡ ಮಾನಿಟರ್ ಬಿಟ್ಟೆ.

"ನಿನಗ ಚಾಳೀಸು ಬಂದೈತಿ. ಸಣ್ಣ ಮಾನಿಟರ್‌ನ್ಯಾಗ ಅಂಕಿ ಕಾಣ್ತಾವೇನು?" ಎಂದರು ಗಂಡ.

"ಕಾಣ್ತಾವ" ಎಂದೆ. ಕಾಣುವುದು ಕಷ್ಟವೆಂದು ನನಗೂ ಗೊತ್ತಿತ್ತು.

ಇಷ್ಟೆಲ್ಲ ಮಾಡಿಯೂ ಡಬ್ಬಿಗಳು ಬಂದು ಇಳಿದದ್ದು ಮನೆಯ ಪಡಸಾಲೆಯಲ್ಲೇ. ಮಾವನವರು ಪ್ರೀತಿಯಿಂದಲೇ ಕಿಟಕಿ ಪಕ್ಕದಲ್ಲಿ ಜಾಗ ಮಾಡಿಸಿದ್ದರು. ಅಲ್ಲಿ ಅತ್ತೆಯ ಹಳೆಯ ಹೊಲಿಗೆ ಯಂತ್ರವಿತ್ತು. ಅದು ಹೊಲಿದದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿಲ್ಲ, ಇಸ್ತ್ರಿಗೆ ಹೋಗುವ ಬಟ್ಟೆಗಳ ಗಂಟು ಅದರ ಮೇಲೆ ಕೂತಿರುತ್ತದೆ. ಅದನ್ನು ಅತ್ತ ಸರಿಸಿ ನನ್ನ ಟೇಬಲ್ ಹಾಕಿಸಿದ್ದರು. "ಫಿಲ್ಟರ್ ಕ್ಯಾಬಿನೆಟ್ ತಂದೀನ್ರಿ ಮಾವಾರ, ಗಿರಣ್ಯಾಗ ಇಡಬಹುದು" ಎಂದೆ. "ಇರ್ಲಿ ಬಿಡವ್ವ. ಹಮಾಲರ ಗದ್ದಲದಾಗ ನೀ ಯಾಕ ಕುಂದ್ರಬೇಕು? ಇಲ್ಲಿ ತಂಪೈತಿ" ಎಂದರು. ಪ್ರೀತಿಯಿಂದ ಆಡಿದ ಮಾತಿಗೆ ತಿರುಗಿ ಉತ್ತರ ಕೊಡುವುದು ನನಗೆ ಇವತ್ತಿಗೂ ಬರುವುದಿಲ್ಲ.

ದಸರಾದವರೆಗೂ ಅಲ್ಲೇ ಕೂತು ಲೆಕ್ಕ ಬರೆದೆ. ಬರೆದೆ ಅನ್ನುವುದಕ್ಕಿಂತ ನಡುನಡುವೆ ಎದ್ದೆ ಅನ್ನುವುದು ಸರಿ. ಒಮ್ಮೆ ಒಗ್ಗರಣೆ ನೋಡಲು ಎದ್ದು ಬರುವಷ್ಟರಲ್ಲಿ ಯಾರೋ ಬೀಗರು ಮಾನಿಟರಿನ ಮೇಲೆ ಒದ್ದೆ ಟವೆಲ್ ಹರಡಿದ್ದರು. ಮತ್ತೊಮ್ಮೆ ಒಂದೇ ಬಿಲ್ಲನ್ನು ಎರಡು ಸಲ ಏರಿಸಿದ್ದೆ. ಮಾವನವರು ಬೈಯಲಿಲ್ಲ, "ಮನಿ ಕೆಲಸದ ನಡುವ ಇದೆಲ್ಲ ಆಗತೈತಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆ ಸಂಜೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಒಣಗಿದ ಬಟ್ಟೆ ತೆಗೆಯುತ್ತಿದ್ದ ಅತ್ತೆ ನೋಡಿದರು.

ಆಯುಧ ಪೂಜೆಗೆ ನಮ್ಮಲ್ಲಿ ಎರಡು ಪಾಲು. ಇಳಿಗೆಮಣೆ, ಮಿಕ್ಸಿ, ಚಾಕು ಇತ್ಯಾದಿ ಮನೆಯ ಸಾಮಾನಿಗೆ ಮನೆಯಲ್ಲಿ ಪೂಜೆ ಮಾಡುವವರು ಅತ್ತೆ. ಯಂತ್ರ, ತಕ್ಕಡಿ, ಲಾರಿಗೆ ಗಿರಣಿಯಲ್ಲಿ ಪೂಜೆ ಮಾಡುವವರು ಮಾವ. ಬೆಳಿಗ್ಗೆ ಮಾವನವರು ಹೊರಡುವಾಗ, "ಕಂಪ್ಯೂಟರಿಗೂ ಒಂದು ಹೂ ಇಡು" ಎಂದು ಅತ್ತೆಗೆ ಹೇಳಿದರು.

"ನಾ ಇಡಂಗಿಲ್ಲ" ಎಂದರು ಅತ್ತೆ. ಇಳಿಗೆಮಣೆ ತೊಳೆಯುತ್ತಿದ್ದವರು ತಲೆ ಎತ್ತಲೂ ಇಲ್ಲ. "ಅದು ಗಿರಣಿ ದುಡಿಮಿ ಸಾಮಾನು. ಮಿಕ್ಸಿ ಪಕ್ಕ ಇಟ್ಟು ನಾ ಯಾಕ ಪೂಜಿ ಮಾಡ್ಲಿ? ದುಡಿಯೋ ಸಾಮಾನಿಗೆ ದುಡಿಯೋ ಜಾಗದಾಗ ಪೂಜಿ ಅಂತ ನೀವ ಹೇಳ್ತಿದ್ರಲ್ರಿ."

ಅದು ನಿಜವಾಗಿ ಮಾವನವರದೇ ಮಾತು. ಹಬ್ಬದ ದಿನ ಬಾಗಿಲಲ್ಲಿ ನಿಂತು ವಾದ ಮಾಡಲಾಗದೆ, "ಇವತ್ತೊಂದಿನ ಒಯ್ಯೋಣು" ಎಂದು ಟೇಬಲ್ ಸಮೇತ ಗೂಡ್ಸ್ ಆಟೋಕ್ಕೆ ಏರಿಸಿದರು. ಕುರ್ಚಿ ಕೆಳಗೇ ಉಳಿಯಿತು. ಅದನ್ನು ಅತ್ತೆಯೇ ಎತ್ತಿ ಆಟೋದಲ್ಲಿಟ್ಟು, ನನ್ನನ್ನೂ ಕರೆದುಕೊಂಡು ಗಿರಣಿಗೆ ಹೊರಟರು.

ಗಿರಣಿ ಆಫೀಸಿನಲ್ಲಿ ಬಾಳೆಕಂದು ಕಟ್ಟಿ, ಚೆಂಡು ಹೂ ಹಾಕಿ ಪೂಜೆಯಾಯಿತು. ಕಾಯಿ ಒಡೆಯುವಾಗ ನೀರು ಸಿಡಿಯಬಾರದೆಂದು ನಾನು ಕೀಬೋರ್ಡಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದೆ. ಮಾವನವರು ಮಾನಿಟರಿಗೆ ವಿಭೂತಿ ಹಚ್ಚಿ, ತಟ್ಟೆ ಕೆಳಗಿಡಲು ಹೋದರು. "ಕುರ್ಚಿಗೆ?" ಎಂದರು ಅತ್ತೆ. "ಕುಂದ್ರೋರು ಬ್ಯಾಡೇನ್ರಿ?" ಮಾವನವರು ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಬಗ್ಗಿ ಕುರ್ಚಿಯ ಬೆನ್ನಿಗೆ ಮೂರು ಬೆರಳು ಎಳೆದರು. ಟೇಬಲ್ಲನ್ನು ಮರಳಿ ಮನೆಗೆ ಒಯ್ಯುವ ಮಾತನ್ನು ಯಾರೂ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ತಮ್ಮ ಪಾಲಿನ ಪೂಜೆಗೆ ಕೂತರು. ಕೊನೆಗೆ ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆಗಳನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಧೂಳು ಒರೆಸಿ, ಅದಕ್ಕೂ ವಿಭೂತಿ ಹಚ್ಚಿದರು. ಚಕ್ರ ತಿರುಗಿಸಿ ನೋಡಿದರು, ತಿರುಗಲಿಲ್ಲ.

"ಇದನ್ನೂ ಮನ್ಯಾಗ ಕುಂತು ಮಾಡಬಹುದು ಅಂತನ ತಂದಿದ್ರು" ಎಂದರು.

ಬಟ್ಟೆಯ ಗಂಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಅತ್ತೆ ಮೊಣಕಾಲು ಹಿಡಿದು ಎದ್ದು ಅಡುಗೆಮನೆಯ ಕಡೆ ನಡೆದರು.

"ನಾಡಿದ್ದಿಂದ ಬುತ್ತಿ ಕಟ್ಟಿಕೊಡ್ತೀನಿ. ಮಧ್ಯಾಹ್ನ ಊಟಕ್ಕಂತ ಮನಿಗೆ ಬರಬ್ಯಾಡ. ಬಂದಿ ಅಂದ್ರ ಮತ್ತ ಹೋಗಾಕ ಆಗಂಗಿಲ್ಲ."